ಕುಬಸದ ಸೀರೆಗೆ ಸ್ಟೇರಿಂಗ್ ಎಣ್ಣೆ

ಬೈಲಹೊಂಗಲದಲ್ಲಿ ಬಟ್ಟೆ ಅಂಗಡಿ ಇಟ್ಟವನಿಗೆ ಕಾರಿನ ಒಳಗುಟ್ಟು ತಿಳಿಯುವುದಿಲ್ಲ ಎಂದು ಯಾರು ಹೇಳಿದರು? ನನ್ನ ಹೆಂಡತಿ ಶಾಂತಾ ಹೇಳಿದಳು. ಅದಕ್ಕೇ ಇಷ್ಟೆಲ್ಲ ಆಯಿತು!

ಸಾಲಹಳ್ಳಿಗೆ ಕೊಟ್ಟ ಮಗಳು ಸವಿತಾಳ ಕುಬಸ. ಚೊಚ್ಚಲ ಬಸುರಿಗೆ ತವರಿನ ಹಸಿರು ಸೀರೆ ಉಡಿಸಿಯೇ ಆರತಿಗೆ ಕೂರಿಸಬೇಕು. "ಅವ್ವಾ, ನೀವು ತಂದ ಸೀರಿನ ಉಡತೇನಿ, ಲಗೂ ಬರ್ರಿ" ಎಂದು ಮಗಳು ಫೋನಿನಲ್ಲಿ ಹೇಳಿದ್ದಳು. ಅಂಗಡಿಗೆ ಬಂದ ಇಳಕಲ್ ಸೀರೆಗಳಲ್ಲಿ ಅತ್ಯುತ್ತಮವಾದುದನ್ನು ನಾನೇ ಆರಿಸಿ ತೆಗೆದಿಟ್ಟಿದ್ದೆ.

ಹೊರಡುವ ಮುಂಜಾನೆ ಕಾರು ಹೊರಳಿಸಿದರೆ ಸ್ಟೇರಿಂಗ್ 'ಗುಂಯ್' ಎಂದು ನರಳಿತು.

"ಮೆಕ್ಯಾನಿಕ್‌ಗ ತೋರಸ್ರಿ ಅಂತ ಆವಾಗಿಂದ ಬಡ್ಕೊಳ್ಳಾಕತ್ತೇನಿ" ಎಂದಳು ಶಾಂತಾ, ಬುತ್ತಿ ಕಟ್ಟುತ್ತ.

"ಎಣ್ಣಿ ಹಾಕಾಕ ಮೆಕ್ಯಾನಿಕ್ ಯಾಕ ಬೇಕ? ನಾ ಇಲ್ಲೇನ?"

ಬಾನೆಟ್ ಎತ್ತಿದೆ. ಪವರ್ ಸ್ಟೇರಿಂಗ್ ಎಣ್ಣೆಯ ಡಬ್ಬಿಯ ಮುಚ್ಚಳದ ಮೇಲೆ ಸ್ಟೇರಿಂಗಿನ ಚಿತ್ರವೇ ಇತ್ತು. ಪಕ್ಕದಲ್ಲಿ ಎರಡು ಗೆರೆ. ಎಣ್ಣೆ ಕೆಳಗಿನ ಗೆರೆಯನ್ನೂ ಬಿಟ್ಟು ಇಳಿದಿತ್ತು. ಸರಿಯಾದ ಎಣ್ಣೆಯನ್ನೇ ತಂದೆ, ಮೇಲಿನ ಗೆರೆಯವರೆಗೆ ಹಾಕಿದೆ. ಅಲ್ಲಿಗೇ ಕೈ ತೊಳೆದುಕೊಂಡಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಆದರೆ ಗೆರೆಯ ಮೇಲೆ ಡಬ್ಬಿ ಖಾಲಿ ಕಂಡಿತು. ಬೀಗರ ಮನೆಗೆ ಹೋಗುವ ಯಾವ ಡಬ್ಬಿಯೂ ನಮ್ಮಲ್ಲಿ ಅರೆಬರೆ ಹೋಗುವುದಿಲ್ಲ. ಕರ್ಚಿಕಾಯಿಯ ಡಬ್ಬಿ ಮುಚ್ಚಳ ಕೂರದಷ್ಟು ತುಂಬಿತ್ತು, ಶೇಂಗಾ ಚಟ್ನಿಯದೂ ಹಾಗೆಯೇ. ಮಗಳ ಉಡಿ ತುಂಬಲು ಹೊರಟವನು ಎಣ್ಣೆ ಡಬ್ಬಿಯನ್ನು ಮಾತ್ರ ಅರೆ ಬಿಡುವುದೇ? ಅಪಶಕುನ! ಕಂಠಮಟ್ಟ ಸುರಿದೆ.

ಕಾರು ಹೊರಟಿತು. ನರಳಾಟ ನಿಂತಿತ್ತು. "ಈಗ ಹ್ಯಾಂಗ?" ಎಂದೆ.

"ಬಡಾಯಿ ಸಾಕು, ಮುಂದ ನೋಡ್ರಿ."

ಯರಗಟ್ಟಿ ದಾಟಿದ ಮೇಲೆ ಕಮಟು ವಾಸನೆ ಬಂತು. "ಏನೋ ಸುಡಾಕತ್ತೈತ್ರಿ" ಎಂದಳು.

"ಯಾರೋ ಕಬ್ಬಿನ ರವದಿ ಸುಡಾಕತ್ತಾರ, ಸುಮ್ಮ ಕುಂದ್ರ."

ಆ ರವದಿಯ ಹೊಗೆ ನಮ್ಮ ಬಾನೆಟ್ಟಿನ ಸಂದಿಯಿಂದಲೇ ಏಳುತ್ತಿತ್ತು! ಗಾಬರಿಯಾಗಿ ನಿಲ್ಲಿಸಿ ತೆರೆದೆ. ಕಾದ ಎಣ್ಣೆ ಉಬ್ಬಿ, ಮುಚ್ಚಳ ಮೀರಿ, ಎಂಜಿನ್ನಿನ ಮೇಲೆ ಇಳಿಯುತ್ತಿತ್ತು. ಗೆರೆಯ ಮೇಲಿನ ಜಾಗವನ್ನು ಖಾಲಿ ಬಿಡುವುದು ಯಾಕೆಂದು ಆಗ ತಿಳಿಯಿತು. ಅಷ್ಟರಲ್ಲಿ ಬೈಕಿನವನೊಬ್ಬ, "ಬೆಂಕಿ ಹತ್ತತೈತ್ರೀ, ಹಿಂದಕ್ಕ ಸರೀರಿ!" ಎಂದು ಕೂಗಿ, ಮೊದಲು ತಾನೇ ಸರಿದುಹೋದ.

"ಅರಬಿ ಕೊಡ! ಲಗೂ ಅರಬಿ ಕೊಡ!" ಎಂದು ಒರೆಸುವ ಬಟ್ಟೆಗಾಗಿ ಒದರಿದೆ. ಶಾಂತಾ ಬುತ್ತಿ ಗಂಟನ್ನು ಎತ್ತಿಕೊಂಡು ದೂರ ಓಡುತ್ತಿದ್ದಳು. ಹೊಗೆಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಹಿಂದಿನ ಸೀಟಿಗೆ ಕೈ ಹಾಕಿ, ಸಿಕ್ಕಿದ್ದನ್ನು ಎಳೆದು, ಎಂಜಿನ್ನನ್ನು ಒರೆಸಿದೆ, ತಿಕ್ಕಿದೆ, ಸಂದಿಗೊಂದಿಯಲ್ಲೆಲ್ಲ ತುರುಕಿದೆ. ಹೊಗೆ ಕಡಿಮೆಯಾಯಿತು. ನಾನೊಬ್ಬ ವೀರ!

"ನೋಡಿದ್ಯಾ?" ಎಂದು ಹೆಮ್ಮೆಯಿಂದ ತಿರುಗಿದೆ. ಅವಳು ನೋಡುತ್ತಿದ್ದುದು ನನ್ನ ಕೈಯನ್ನು.

"ಸವಿತಾನ ಸೀರಿರೀ..." ಎಂದಳು.

ಕಣ್ಣು ಮುಚ್ಚಿ ಮುಟ್ಟಿಯೇ ರೇಷ್ಮೆ ಯಾವುದು, ನೂಲು ಯಾವುದು ಹೇಳುತ್ತೇನೆಂದು ಗಿರಾಕಿಗಳ ಮುಂದೆ ಕೊಚ್ಚಿಕೊಳ್ಳುವವನು ನಾನು. ಹಸಿರು ಸೀರೆ ಮಸಿ ಅರಿವೆಯಾಗುವ ತನಕ ನನಗೆ ಗುರುತು ಸಿಗಲಿಲ್ಲ.

ಎಂಜಿನ್ ತಣಿಸಿಕೊಂಡು ಸಾಲಹಳ್ಳಿ ಮುಟ್ಟುವಷ್ಟರಲ್ಲಿ ಹೊತ್ತು ಮೀರಿತ್ತು. ಬೀಗತಿ ತಮ್ಮದೇ ಸೀರೆ ಉಡಿಸಿ ಸವಿತಾಳನ್ನು ಆರತಿಗೆ ಕೂರಿಸಿದ್ದರು. "ಇರ್ಲಿ ಬಿಡ್ರಿ ಬೀಗರ, ನಮ್ಮನ್ಯಾಗ ಸೀರಿಗೇನ್ ಕಡಿಮಿ ಐತಿ?" ಎಂದು ನಕ್ಕರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಆ ನಗು ತಡೆಯಲಾಗಲಿಲ್ಲ.

"ಅವ್ವಾ, ನನ್ನ ಸೀರಿ ಎಲ್ಲೈತಿ?" ಎಂದು ಮಗಳು ಮೆಲ್ಲಗೆ ಕೇಳಿದಳು. ಶಾಂತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ ಎನಿಸಿತು.

ಆರತಿ ಮುಗಿದು ಸವಿತಾ ನನ್ನ ಕಾಲಿಗೆ ಬಾಗಿದಳು. ಎಷ್ಟು ತಿಕ್ಕಿದರೂ ಹೋಗದ ಎಂಜಿನ್ನಿನ ಮಸಿ ನನ್ನ ಕೈಯಲ್ಲಿತ್ತು. ಹೂ ಮುಡಿದ ಆ ತಲೆಯ ಮೇಲೆ ಅದನ್ನು ಹೇಗೆ ಇಡಲಿ? ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಬರೀ ತಲೆಯಾಡಿಸಿದೆ.

ಹೆಂಗಸರ ಸಾಲಿನಿಂದ ಒಂದು ದನಿ ಬಂತು: "ಹೊಂಗಲದ ಬೀಗರಿಗೆ ಭಾಳ ಸೊಕ್ಕ ಐತಿ ಬಿಡವಾ. ಮಗಳ ತಲಿ ಮ್ಯಾಲ ಒಂದ ಕೈ ಸೈತ ಇಡಲಿಲ್ಲ!"

ಶಾಂತಾ ತಲೆ ಎತ್ತದೆ ಹೇಳಿದಳು: "ಸೊಕ್ಕ ಇತ್ತವಾ. ಮುಂಜಾನಿ ತನಕಾ ಇತ್ತು."