ಉಪ್ಪುಂದದ ಸೆಕೆಯಲ್ಲಿ ಹೆಪ್ಪುಗಟ್ಟಿದ ಪೈಪು

ಏಪ್ರಿಲ್ ತಿಂಗಳಲ್ಲಿ, ಕಡಲತೀರದ ನಮ್ಮ ಉಪ್ಪುಂದದಲ್ಲಿ, ಫ್ಯಾನಿನ ಗಾಳಿಯೂ ಬಿಸಿಯಾಗಿ ಬೀಸುವ ಹೊತ್ತಿನಲ್ಲಿ, ಮನೆಯ ನೀರಿನ ಪೈಪು ಹೆಪ್ಪುಗಟ್ಟುವಂತೆ ಮಾಡಿದ ಮನುಷ್ಯ ಯಾರಾದರೂ ಇದ್ದರೆ ಅದು ನನ್ನ ಸೋದರಮಾವ ಒಬ್ಬನೇ! ಹಿಮಾಲಯದಲ್ಲಿ ಚಳಿಗಾಲ ತಾನಾಗಿ ಮಾಡುವ ಕೆಲಸವನ್ನು ಈ ಮಹಾನುಭಾವ ಬೆವರು ಒರೆಸಿಕೊಳ್ಳುತ್ತಾ ಕೈಯಾರೆ ಮಾಡಿದ. ನೀವು ನಗುತ್ತೀರಿ. ನಗಿ, ನಿಮ್ಮ ಮಾವನಲ್ಲವಲ್ಲ!

ಮಾವ ಮೂವತ್ತು ವರ್ಷ ಐಸ್ ಪ್ಲಾಂಟಿನಲ್ಲಿ ಮೀನಿಗೆ ಐಸ್ ಮಾಡಿದವನು. ಕೆಲಸ ಬಿಟ್ಟರೂ ಐಸ್ ಅವನನ್ನು ಬಿಡಲಿಲ್ಲ. ನಾವು ಚಿಕ್ಕವರಿದ್ದಾಗ ಜ್ವರ ಬಂದರೆ ಐಸ್, ಬಿದ್ದರೆ ಐಸ್, ಪರೀಕ್ಷೆಯಲ್ಲಿ ಫೇಲಾಗಿ ಅತ್ತರೆ ಕಣ್ಣಿಗೂ ಐಸ್. ನನ್ನ ಮದುವೆಯ ಊಟದಲ್ಲಿ ಸಾರು ಬಿಸಿ ಎಂದು ಯಾರೋ ಅಂದದ್ದೇ ತಡ, ಪಾತ್ರೆಗೆ ಐಸ್ ತುಂಡು ಬಿತ್ತು! ನಮ್ಮ ಬೀಗರು ಈಗಲೂ ಸಾರು ಬಡಿಸಿಕೊಳ್ಳುವ ಮೊದಲು ಒಮ್ಮೆ ಇಣುಕಿ ನೋಡುತ್ತಾರೆ.

ಈ ಸಲ ಮಾತ್ರ ಅವನಿಗೊಂದು ಕಾರಣವಿತ್ತು. ಅವನ ಹೆಂಡತಿ, ನಮ್ಮ ಅತ್ತೆಗೆ ಗಂಟಲಿನ ಕಾಯಿಲೆ. ಆಸ್ಪತ್ರೆಯಲ್ಲಿ ರೇಡಿಯೇಷನ್ನಿನ ಕರೆಂಟು ಕೊಟ್ಟು ಕೊಟ್ಟು ಬಾಯೆಲ್ಲ ಹುಣ್ಣು. ತಣ್ಣೀರು ಬಿಟ್ಟರೆ ಬೇರೇನೂ ಇಳಿಯುತ್ತಿರಲಿಲ್ಲ. ಅದೂ ಕಡಿಮೆಯಾದರೆ ಮತ್ತೆ ಆಸ್ಪತ್ರೆ, ಮತ್ತೆ ಡ್ರಿಪ್ ಎಂದಿದ್ದರು ಡಾಕ್ಟರು. ಇನ್ನು ಆಸ್ಪತ್ರೆಗೆ ಬರಲಾರೆ ಎಂದಿದ್ದಳು ಅತ್ತೆ.

"ಮಾವ, ಫ್ರಿಜ್ಜಿನ ಬಾಟ್ಲಿ ಸಾಕಲ್ದಾ?" ಎಂದೆ.

"ನಿನ್ ಅತ್ತಿ ಬಾಯ್ಬಿಟ್ ಕೇಂತಿಲ್ಲೆ ಮಾರಾಯ. ನಲ್ವತ್ ವರ್ಷ ಆಯ್ತ್, ಒಂದ್ ಲೋಟ ನೀರ್ ಕೊಡಿ ಅಂದದ್ದಿಲ್ಲೆ. ಕೈಗೆ ಎಟ್ಕುವಲ್ಲ್ ನಲ್ಲಿ ಇದ್ರೆ ಕುಡೀತ್."

ಹಾಗೆ ಅತ್ತೆಯ ಮಂಚದ ಪಕ್ಕಕ್ಕೆ ನಲ್ಲಿ ಬಂತು. ಕಿಟಕಿಯಾಚೆ ಮೀನಿನ ಥರ್ಮೋಕೋಲ್ ಪೆಟ್ಟಿಗೆ, ಅದರೊಳಗೆ ಸುರುಳಿ ಸುತ್ತಿದ ತಾಮ್ರದ ಪೈಪು, ಸುತ್ತಲೂ ಐಸ್ ಪುಡಿ. ಟ್ಯಾಂಕಿನ ನೀರು ಅದರಲ್ಲಿ ಹಾದು ತಣ್ಣಗೆ ಬರುತ್ತಿತ್ತು. ಎರಡು ದಿನ ಚೆನ್ನಾಗಿಯೇ ನಡೆಯಿತು. ಅಲ್ಲಿಗೆ ಬಿಡಬಾರದೇ? ಮೂರನೆಯ ದಿನ, ಇನ್ನಷ್ಟು ತಣ್ಣಗಾಗಲಿ ಎಂದು ಎರಡು ಸೇರು ಕಲ್ಲುಪ್ಪು ಸುರಿದ. ಐಸಿಗೆ ಉಪ್ಪು ಬಿದ್ದರೆ ಅದರ ತಂಪು ಎಷ್ಟು ಏರುತ್ತದೆಂದರೆ ಪಕ್ಕದ ನೀರೂ ಗಡ್ಡೆ ಕಟ್ಟುತ್ತದೆ. ಮೂವತ್ತು ವರ್ಷ ಪ್ಲಾಂಟಿನ ಉಪ್ಪುನೀರಿನ ತೊಟ್ಟಿಯಲ್ಲಿ ಇದನ್ನೇ ಮಾಡಿದ ಮನುಷ್ಯನಿಗೆ ಇದು ನೆನಪಾಗಬೇಡವೇ? ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಒಂದು ಹನಿಯೂ ಇಲ್ಲ.

ಪ್ಲಂಬರನಿಗೆ ಫೋನ್ ಮಾಡಿದೆ. "ಪೈಪಿಗೆ ಐಸ್ ಕಟ್ಟಿತಾ? ಈ ಸೆಕೆಗಾ? ಬೆಳಿಗ್ಗೆಯೇ ಕುಡಿಯೂಕೆ ಶುರು ಹಚ್ಕಂಡ್ರಿಯಾ?" ಎಂದು ಫೋನ್ ಇಟ್ಟೇಬಿಟ್ಟ. ಪಕ್ಕದ ಮನೆಯವರು ಒಣ ತೆಂಗಿನ ಮಡಲಿನ ಸೂಡಿಯನ್ನು ಪಂಜಿನಂತೆ ಹೊತ್ತಿಸಿಕೊಂಡು ಬಂದರು. ನಾನು ಕುದಿಯುವ ನೀರು ಎತ್ತಿಕೊಂಡು ಬಂದೆ.

"ಹ್ವಾಯ್, ಬೆಂಕಿ ಬ್ಯಾಡ!" ಮಾವ ಅಡ್ಡ ನಿಂತ. "ಒಳ್ಗ್ ಐಸ್ ಇಪ್ಪ ಹೊತ್ತಿಗೆ ಒಮ್ಮೆಲೆ ಕಾಯ್ಸ್ರೆ ಪೈಪ್ ಒಡೀತ್. ನಲ್ಲಿ ತೆಗ್ದಿಡ್, ಕರಗಿದ್ ನೀರಿಗೆ ದಾರಿ ಬೇಕಲ್ದಾ? ನಲ್ಲಿ ಬದಿಯಿಂದ ಶುರು ಮಾಡ್ಕ್. ಬೆಚ್ಚಗಿನ ಬಟ್ಟಿ ಸುತ್ತ್ಕಂತ ಹೋಯ್ಕ್."

ಪೆಟ್ಟಿಗೆಯ ಐಸ್ ಅಂಗಳಕ್ಕೆ ಚೆಲ್ಲಿದೆವು. ಬಟ್ಟೆ ಸುತ್ತು, ತಣ್ಣಗಾದರೆ ಹಿಂಡು, ಮತ್ತೆ ಅದ್ದಿ ಸುತ್ತು. ಒಂದು ಗಂಟೆಯಾದರೂ ನಲ್ಲಿ ಒಣಗಿಯೇ ಇತ್ತು.

"ಬಾಟ್ಲಿ ನೀರಾದ್ರೂ ಕೊಡ್ಲಾ?" ಎಂದೆ.

"ಆಗ್ಳೇ ಕೊಟ್ಟೆ. 'ನಿಮ್ಗ್ ಎಂತಕ್ ತೊಂದ್ರಿ, ಬ್ಯಾಡ' ಅಂತ್ ನಿನ್ ಅತ್ತಿ." ಮಾವ ಇನ್ನೊಂದು ಬಟ್ಟೆ ಅದ್ದಿ ಸುತ್ತಿದ. ನನಗೆ ಇಬ್ಬರ ಮೇಲೂ ಸಿಟ್ಟು ಬಂತು, ಅಳುವೂ ಬಂತು. ಇಂಥವರನ್ನು ಕಟ್ಟಿಕೊಂಡು ಯಾರು ಏನು ಮಾಡಲು ಸಾಧ್ಯ?

ಆಗ ಕಿಟಕಿಯೊಳಗಿಂದ ಒಡೆದ ದನಿಯೊಂದು ಕೇಳಿತು: "ಹ್ವಾಯ್... ಒಂಚೂರ್ ನೀರ್ ಕೊಡಿ."

ಮಾವ ಬಟ್ಟೆಯನ್ನು ಅಲ್ಲೇ ಎಸೆದು ಓಡಿದ. ನಾನು ಕಿಟಕಿಯಿಂದ ನೋಡಿದೆ. ಅತ್ತೆಯ ತಲೆಯನ್ನು ತೋಳಿನ ಮೇಲೆ ಎತ್ತಿಕೊಂಡು ಚಮಚದಲ್ಲಿ ನೀರು ಹಾಕುತ್ತಾ ಅವನು ಅಳುತ್ತಿದ್ದ. ಅಷ್ಟರಲ್ಲಿ ಪೈಪಿನ ಐಸ್ ಬಿಟ್ಟುಕೊಂಡು ಮಂಚದ ಪಕ್ಕದ ನಲ್ಲಿ ಗೊರಗೊರ ಸುರಿಯತೊಡಗಿತು. ಇಬ್ಬರೂ ಆ ಕಡೆ ನೋಡಲಿಲ್ಲ.

ಅತ್ತೆ ಆಮೇಲೆ ಹನ್ನೊಂದು ದಿನ ಇದ್ದಳು. ಪೆಟ್ಟಿಗೆಗೆ ಮತ್ತೆ ಉಪ್ಪಿಲ್ಲದ ಐಸ್ ತುಂಬಿದ್ದರಿಂದ ನಲ್ಲಿಯಲ್ಲಿ ತಣ್ಣೀರು ಬರುತ್ತಲೇ ಇತ್ತು. ಒಮ್ಮೆಯೂ ಅದನ್ನು ಮುಟ್ಟದೆ, ಪ್ರತಿ ಸಲ ಮಾವನನ್ನೇ ಕರೆದು ನೀರು ಕೇಳಿದಳು.