ಸೆರಗಿನ ಹಿಂದಿನ ಹವಾಮಾನ

ನಮ್ಮ ದೊಡ್ಡಮ್ಮ ಎದುರಾದರೆ ನೀವು ಮುಖ ತೋರಿಸುವ ತೊಂದರೆ ತೆಗೆದುಕೊಳ್ಳಬೇಡಿ. ಅವಳು ನೋಡುವುದಿಲ್ಲ. ಸೆರಗು ತೋರಿಸಿ, ಅದೂ ಹೊರಮೈಯಲ್ಲ, ಒಳಮೈ! ಅದನ್ನು ಎರಡು ಬೆರಳಲ್ಲಿ ಹಿಡಿದು, ತಿರುವಿ, ಮೂಗಿನ ಹತ್ತಿರ ತಂದು, ನೀವು ಹುಟ್ಟುವ ಮೊದಲು ಯಾವ ತಿಂಗಳಲ್ಲಿ ಎಷ್ಟು ಗಾಳಿ ಬೀಸಿತ್ತು ಎಂದು ಹೇಳಿಬಿಡುತ್ತಾಳೆ. ನೀವು ಕೇಳಿದಿರಾ? ಇಲ್ಲ. ಆದರೂ ಹೇಳುತ್ತಾಳೆ.

ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಭಾಷಾಭಿಮಾನವೇ ಕಾರಣವೆಂದು ನೀವು ತಿಳಿದರೆ ನನಗೆ ಸಂತೋಷವೇ. ನಿಜವಾದ ಕಾರಣ ಬೇರೆ. ಕೊಯಮತ್ತೂರಿನಿಂದ ಉತ್ತರಕ್ಕೆ, ತುಡಿಯಲೂರು ದಾಟಿದ ಮೇಲೆ ಸಿಗುವ ನಮ್ಮ ನೇಕಾರರ ಬೀದಿಯಲ್ಲಿ ಮನೆಯೊಳಗೆ ಎಲ್ಲರೂ ಆಡುವುದು ಕನ್ನಡ, ಓದಲು ಮಾತ್ರ ಯಾರಿಗೂ ಬರುವುದಿಲ್ಲ. ಶಾಲೆ, ಅಂಗಡಿ, ಜಗಳ ಎಲ್ಲ ತಮಿಳಿನಲ್ಲಿ. ನಾನು ಮೈಸೂರಿನಲ್ಲಿ ಓದುವಾಗ ಅಕ್ಷರ ಕಲಿತವಳು. ಕನ್ನಡದಲ್ಲಿ ಬರೆದರೆ ದೊಡ್ಡಮ್ಮನಿಗೆ ಸಿಕ್ಕಿಬೀಳುವ ಭಯವಿಲ್ಲ. ನನ್ನ ಧೈರ್ಯವೆಲ್ಲ ಅಷ್ಟೇ.

ಅವಳ ವಿದ್ಯೆಯ ಗುಟ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಕೈಮಗ್ಗದಲ್ಲಿ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳಿಗೆ ತೇವ ಬೇಕು. ಗಾಳಿ ಒಣಗಿತೋ, ಎಳೆ ಪಟ್ ಪಟ್ಟೆಂದು ಹರಿಯುತ್ತದೆ. ಹರಿದಲ್ಲೆಲ್ಲ ನೇಕಾರ ಗಂಟು ಹಾಕಿ ಮುಂದುವರಿಯಬೇಕು. ಆ ಗಂಟು ಹೊರಮೈಯಲ್ಲಿ ಕಾಣುವುದಿಲ್ಲ, ಒಳಮೈಯಲ್ಲಿ ಗಸಗಸೆಯಷ್ಟು ಬೆರಳಿಗೆ ಸಿಗುತ್ತದೆ. ಒಂದು ಸೀರೆ ಮುಗಿಯಲು ನಾಲ್ಕೈದು ದಿನ ಬೇಕು. ಒಳತುದಿಯಿಂದ ಸೆರಗಿನವರೆಗೆ ಬೆರಳಾಡಿಸಿದರೆ ಮೊದಲ ದಿನ ತಂಪು, ಮೂರನೇ ದಿನ ಗಾಳಿ, ಐದನೇ ದಿನ ಮಳೆ ಬಂತು ಎಂದು ಓದಬಹುದು. ಆಷಾಢದ ಹೊತ್ತಿಗೆ ಬರುವ ಆಡಿ ತಿಂಗಳಲ್ಲಂತೂ ಪಾಲಕ್ಕಾಡ್ ಕಣಿವೆಯಿಂದ ನುಗ್ಗುವ ಗಾಳಿಗೆ ಮಸಾಲೆ ಅರೆಯುವ ಅಮ್ಮಿಕಲ್ಲೂ ಹಾರುತ್ತದೆ ಎಂದು ನಮ್ಮ ಕಡೆ ಗಾದೆಯೇ ಇದೆ. ಅಮ್ಮಿಕಲ್ಲೇ ಹಾರಿದ ಮೇಲೆ ಎಳೆಯ ಪಾಡೇನು?

ಉಕ್ಕಡಂ ಬಸ್ ನಿಲ್ದಾಣದಲ್ಲಿ ಒಮ್ಮೆ ಬಸ್ಸು ಹತ್ತಿ ಕೂತಿದ್ದೆವು. ಮುಂದಿನ ಸೀಟಿನ ಹೆಂಗಸಿನ ಸೆರಗು ನಮ್ಮ ಕಡೆ ಇಳಿಬಿದ್ದಿತ್ತು. ನಾನು ಟಿಕೆಟ್ಟಿಗೆ ಚೀಲ ತಡಕುವಷ್ಟರಲ್ಲಿ ದೊಡ್ಡಮ್ಮ ಅದನ್ನು ತಿರುವಿಯಾಗಿತ್ತು. ಆ ಹೆಂಗಸು ಕತ್ತಿನ ಸರ ಹಿಡಿದುಕೊಂಡು ಕಳ್ಳಿ ಎಂದು ಕೂಗಿಕೊಂಡಳು. ಇಡೀ ಬಸ್ಸು ನಮ್ಮತ್ತ ತಿರುಗಿತು, ಕಂಡಕ್ಟರ್ ಓಡಿಬಂದ. ನಾನು ಇವಳ್ಯಾರೋ ನನಗೆ ಗೊತ್ತಿಲ್ಲ ಎಂಬ ಮುಖ ಮಾಡಿಕೊಂಡು ಕಿಟಕಿಯಾಚೆ ಮೀನಿನ ಬುಟ್ಟಿಗಳನ್ನು ಎಣಿಸತೊಡಗಿದೆ. ದೊಡ್ಡಮ್ಮ ಮಾತ್ರ ತಣ್ಣಗೆ, ನಿನ್ನ ಸರ ಯಾರಿಗೆ ಬೇಕು ತಾಯಿ, ಈ ಸೀರೆ ನೇಯುವಾಗ ಕೊನೆಕೊನೆಗೆ ಒಳ್ಳೇ ಮಳೆ ಬಂದಿದೆ, ಐಪ್ಪಸಿ ತಿಂಗಳಿರಬೇಕು ಎಂದು ತಮಿಳಿನಲ್ಲಿ ಹೇಳಿದಳು. ಹೆಂಗಸಿನ ಕೈ ಸರ ಬಿಟ್ಟಿತು. ಅದು ಅವಳ ತಾಯಿಯ ಸೀರೆಯಂತೆ, ಅವಳ ಅಪ್ಪ ಐಪ್ಪಸಿಯಲ್ಲೇ ಬರುವ ದೀಪಾವಳಿಗೆ ತಂದದ್ದಂತೆ! ಇಳಿಯುವವರೆಗೂ ಅವಳು ಕಣ್ಣೊರೆಸಿಕೊಳ್ಳುತ್ತ ದೊಡ್ಡಮ್ಮನ ಜೊತೆ ಮಾತಾಡಿದಳು. ಕೊನೆಗೆ ಕಂಡಕ್ಟರ್ ಕೂಡ ಹೆಗಲ ಮೇಲಿನ ಟವೆಲ್ ಚಾಚಿ ಇದರಲ್ಲೇನಿದೆ ನೋಡಿ ಅಂದ. ದೊಡ್ಡಮ್ಮ ಮುಟ್ಟದೆಯೇ ಬರೀ ಬೆವರು ಅಂದುಬಿಟ್ಟಳು.

ತಿರುಪ್ಪೂರಿನಲ್ಲಿ ನಡೆದದ್ದು ಇದಕ್ಕಿಂತ ಘೋರ. ಅಲ್ಲಿ ಬನಿಯನ್ ಕಂಪನಿ ಇಟ್ಟಿರುವ ನಮ್ಮ ಭಾವನ ಮಗಳ ಮದುವೆ. ಗಂಡಿನ ತಾಯಿ ತಾನುಟ್ಟದ್ದು ಅಪ್ಪಟ ಕೈಮಗ್ಗದ ಸೀರೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಹೇಳಬಾರದಿತ್ತು. ಮುಹೂರ್ತಕ್ಕೆ ಎಲ್ಲರೂ ಅಕ್ಷತೆ ಹಿಡಿದು ನಿಂತಿದ್ದಾಗ ದೊಡ್ಡಮ್ಮ ಹಿಂದಿನಿಂದ ಹೋಗಿ ಸೆರಗು ತಿರುವಿದಳು. ಈ ತುದಿಯಿಂದ ಆ ತುದಿವರೆಗೆ ಬೆರಳಾಡಿಸಿ, ನಾದಸ್ವರ ಉಸಿರು ತೆಗೆದುಕೊಳ್ಳುವ ಆ ಒಂದೇ ಗಳಿಗೆ ನೋಡಿಕೊಂಡು, "ಇದ್ರಲ್ಲಿ ಹವಾನೇ ಇಲ್ಲ" ಎಂದಳು. ಅಂದರೆ ಮುಚ್ಚಿದ ಶೆಡ್ಡಿನಲ್ಲಿ ಯಂತ್ರ ನೇಯ್ದ ಸೀರೆ, ಬಿಸಿಲು ಕಂಡಿಲ್ಲ, ಮಳೆ ಕಂಡಿಲ್ಲ ಎಂದರ್ಥ. ಅರ್ಥವಾಗಬೇಕಾದವರಿಗೆ ಅರ್ಥವಾಯಿತು. ಗಂಡಿನ ಕಡೆಯವರು ಊಟಕ್ಕೆ ಏಳಲಿಲ್ಲ. ಭಾವ ಅವರ ಕಾಲು ಹಿಡಿಯುವುದೊಂದು ಬಾಕಿ. ಆವತ್ತಿನಿಂದ ಭಾವನಿಗೆ ಹವಾಮಾನ ಎಂಬ ಮಾತು ಕೇಳಿದರೇ ಆಗದು.

ಈ ಹುಚ್ಚು ಇವಳಿಗೆ ಹತ್ತಿದ್ದಾದರೂ ಹೇಗೆ? ಅದೂ ಒಂದು ಆಡಿ ತಿಂಗಳ ಕಥೆ. ದೊಡ್ಡಮ್ಮ ಮದುವೆಯಾಗಿ ಬಂದ ಎರಡನೇ ವರ್ಷ. ತವರಿನಲ್ಲಿ ಒಳ್ಳೆಯ ನೇಯ್ಗೆಯವಳೆಂದು ಹೆಸರು. ಇಲ್ಲಿ ಮನೆಯಲ್ಲಿ ಎರಡು ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಕಾಲು ಇಳಿಬಿಟ್ಟು ನೇಯುವ ಮಗ್ಗ. ಒಂದರಲ್ಲಿ ದೊಡ್ಡಪ್ಪ, ಇನ್ನೊಂದರಲ್ಲಿ ಹೊಸ ಸೊಸೆ. ಆ ಆಡಿಯಲ್ಲಿ ಅವಳು ನೇಯ್ದ ಸೀರೆಯ ತುಂಬ ಗಂಟು. ಸೀರೆ ಕೊಳ್ಳುವ ಯಜಮಾನ ಅದನ್ನು ಬೀದಿಯಲ್ಲೇ ಬಿಡಿಸಿ ಎಲ್ಲರಿಗೂ ತೋರಿಸಿ ವಾಪಸ್ ಕೊಟ್ಟ. ಗಾಳಿ ಹಾಗಿತ್ತು ಎಂದು ಇವಳು ಹೇಳಿದಳು. ಗಾಳಿ ನಿನ್ನ ಮಗ್ಗಕ್ಕೆ ಮಾತ್ರ ಬೀಸಿತಾ, ನನ್ನ ಮಗನ ಸೀರೆ ಯಜಮಾನರ ಮನೆ ಸೇರಿಯೂ ಆಯಿತು, ನಿನ್ನ ಕೈಯೇ ಸರಿಯಿಲ್ಲ ಎಂದು ಅವಳ ಅತ್ತೆ ಬೀದಿಗೆಲ್ಲ ಕೇಳುವಂತೆ ಅಂದರು. ಆವತ್ತು ಮಗ್ಗದಿಂದ ಎದ್ದವಳು ಮತ್ತೆ ಕೂರಲಿಲ್ಲ. ಐವತ್ತು ವರ್ಷದಿಂದ ರಾಟೆಯ ಮುಂದೆ ಕೂತು ದೊಡ್ಡಪ್ಪನ ಲಾಳಿಗೆ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದಾಳೆ.

ಅತ್ತೆ ಹೋಗಿ ಇಪ್ಪತ್ತು ವರ್ಷವಾಯಿತು. ಕೇಸು ಮಾತ್ರ ನಡೆಯುತ್ತಲೇ ಇದೆ. ಗಾಳಿಯೋ, ಕೈಯೋ? ಅದೇ ಆಡಿಯಲ್ಲಿ ಬೇರೆ ಮನೆಗಳಲ್ಲಿ ನೇಯ್ದ ಸೀರೆಗಳು ಸಿಕ್ಕಿ, ಅವುಗಳಲ್ಲೂ ಗಂಟಿದ್ದರೆ ಗಾಳಿ. ಇಲ್ಲದಿದ್ದರೆ ಕೈ. ಊರವರ ಸೆರಗನ್ನೆಲ್ಲ ತಿರುವುತ್ತ ಅವಳು ಹುಡುಕುತ್ತಿರುವುದು ಅದನ್ನೇ.

ಇನ್ನು ನನ್ನ ಕೆಲಸದ ವಿಷಯ. ಕೆರೆಯ ತಳಕ್ಕೆ ಕೊಳವೆ ಇಳಿಸಿ, ಕೆಸರನ್ನು ಪದರಪದರವಾಗಿ ಎತ್ತಿ, ಸಾವಿರಾರು ವರ್ಷದ ಹಿಂದಿನ ಮಳೆ ಬರಗಳನ್ನು ಓದುವ ಗುಂಪಿನಲ್ಲಿ ನಾನಿದ್ದೇನೆ. ಕೆಲಸ ಸಿಕ್ಕಾಗ ಅಮ್ಮ ಬೀದಿಗೆಲ್ಲ ಲಾಡು ಹಂಚಿದಳು. ಏನು ಕೆಲಸ ಎಂದು ಗೊತ್ತಾದ ಮೇಲೆ ಲಾಡು ಹಂಚಿದ್ದಕ್ಕೆ ಸ್ವಲ್ಪ ನಾಚಿಕೊಂಡಳು. ದೊಡ್ಡಮ್ಮ ಒಬ್ಬಳೇ ಆಸಕ್ತಿಯಿಂದ ವಿಚಾರಿಸಿದವಳು. ಬೆರಳಗಲದ ಕೆಸರಿಗೆ ಎಷ್ಟು ವರ್ಷ ಎಂದು ಕೇಳಿದಳು. ಎಷ್ಟೋ ವರ್ಷ ಸೇರಿಕೊಂಡಿರುತ್ತದೆ, ಒಂದೊಂದೇ ವರ್ಷ ಬಿಡಿಸಿ ಹೇಳುವುದು ಕಷ್ಟ ಎಂದೆ.

"ರೊಂಬ ದಡ್ಡ ಕೆಸರು ಅದು, ಕಣ್ಣು. ನನ್ನ ಸೀರೆ ಸೋಮವಾರ ಬೇರೆ, ಮಂಗಳವಾರ ಬೇರೆ ಹೇಳುತ್ತೆ" ಎಂದಳು. ರೊಂಬ ಎಂದರೆ ತಮಿಳಿನಲ್ಲಿ ತುಂಬ, ಕಣ್ಣು ಎಂದರೆ ಚಿನ್ನ, ಮುದ್ದು ಎಂದ ಹಾಗೆ.

ನನಗೆ ಸಿಟ್ಟು ಬಂತು. ನಿನ್ನ ಸೀರೆ ಸಾವಿರ ವರ್ಷ ಹಿಂದಕ್ಕೆ ಹೋಗುತ್ತದಾ ಎಂದು ಕೇಳಿದೆ. ಅಷ್ಟು ಹಳೇ ಸೀರೆ ತನ್ನ ಹತ್ತಿರ ಇಲ್ಲವೆಂದು ಒಪ್ಪಿಕೊಂಡಳು. ಅಂದಿನಿಂದ ನಾವಿಬ್ಬರೂ ಸಹೋದ್ಯೋಗಿಗಳು!

ಕಳೆದ ಚಿತ್ತಿರೈ ತಿಂಗಳಲ್ಲಿ ಬಿಸಿಲು ನೆತ್ತಿ ಸೀಳುತ್ತಿದ್ದಾಗ ಭಾವ ಏಸಿ ಕಾರಿನಲ್ಲಿ ಬಂದಿಳಿದರು. ಹಳೆಯ ಸಿಟ್ಟು ಒಳಗೆ ಇದ್ದೇ ಇತ್ತಲ್ಲ, ನನ್ನ ಮೇಲೆ ತಿರುಗಿದರು. ಭೂಮಿ ಹಿಂದೆಯೂ ಬಿಸಿಯಾಗಿತ್ತು, ತಣ್ಣಗಾಗಿತ್ತು, ನಿನ್ನ ಕೆಸರೇ ಹಾಗೆ ಹೇಳುತ್ತದಲ್ಲ, ಮತ್ತೆ ಈಗಿನ ಬಿಸಿಗೆ ಮನುಷ್ಯರನ್ನು ಯಾಕೆ ಬೈಯುತ್ತೀರಿ ಅಂದರು. ನಾನು ಗಂಟಲು ಸರಿಮಾಡಿಕೊಂಡು ಹತ್ತು ನಿಮಿಷ ವಿವರಿಸಿದೆ. ಭಾವ ಹತ್ತೂ ನಿಮಿಷ ಫೋನು ನೋಡಿದರು. ಆಗ ದೊಡ್ಡಮ್ಮ ರಾಟೆ ನಿಲ್ಲಿಸಿ ಅಳಿಯನ ಕಡೆ ತಿರುಗಿದಳು.

"ಮಾಪ್ಪಿಳ್ಳೈ, ಎಳೆ ಮೊದಲೂ ಹರೀತಿತ್ತು, ಗಾಳಿಗೆ. ಅದಕ್ಕೇಂತ ಈಗ ಕತ್ತರಿ ಹಿಡ್ಕೊಂಡು ನಿಂತವನು ನಾನಲ್ಲ ಅನ್ನಬಹುದಾ? ಗಾಳಿಗೆ ಹರಿದ ತುದಿ ಜುಂಗುಜುಂಗಾಗಿರುತ್ತೆ. ಕತ್ತರಿಗೆ ಬಿದ್ದದ್ದು ನೇರ ಇರುತ್ತೆ. ಹಳೇದನ್ನ ನೋಡಿದವರಿಗೆ ಇದು ಗೊತ್ತಾಗುತ್ತೆ."

ಭಾವ ಫೋನು ಜೇಬಿಗಿಟ್ಟರು. ನಾವು ಮಾಡುವುದೂ ಅದನ್ನೇ ತಾನೆ? ಕಲ್ಲಿದ್ದಲು, ಪೆಟ್ರೋಲು ಉರಿದು ಗಾಳಿಗೆ ಸೇರಿದ ಇಂಗಾಲಕ್ಕೆ ತನ್ನದೇ ಗುರುತಿದೆ, ಅದು ಕತ್ತರಿ ಬಿದ್ದ ತುದಿ. ಹಿಂದಿನ ಬಿಸಿ ತಂಪುಗಳು ಎಷ್ಟು ನಿಧಾನವಾಗಿ ಏರಿಳಿದವು ಎಂದು ಕೆಸರು, ಹಿಮ, ಮರದ ಉಂಗುರಗಳೆಲ್ಲ ಸೇರಿ ಹೇಳುವುದರಿಂದಲೇ ಈಗಿನ ಓಟ ಆ ಜಾತಿಯದಲ್ಲ ಎಂದು ತಿಳಿಯುವುದು. ನಾನು ಇದನ್ನು ಹೇಳಿದ್ದಕ್ಕೆ ದೊಡ್ಡಮ್ಮ, ಹಾಗಾದರೆ ನಿನ್ನ ಕೇಸಿನಲ್ಲಿ ಕೈ, ನನ್ನದರಲ್ಲಿ ಗಾಳಿ ಅಂತ ಆಗಿಬಿಟ್ಟರೆ ಸಾಕಪ್ಪ ಅಂದಳು.

ಈ ಆಡಿಯಲ್ಲಿ ಅವಳ ಹುಡುಕಾಟಕ್ಕೆ ಎರಡು ಸೀರೆ ಸಿಕ್ಕವು. ಮೊದಲನೆಯದು ನಮ್ಮ ಬೀದಿಯದೇ, ಐವತ್ತು ವರ್ಷದ ಹಿಂದಿನ ಅದೇ ಆಡಿಯಲ್ಲಿ ನೇಯ್ದದ್ದು. ಮೈತುಂಬ ಗಂಟು! ನಾನು ಗೆದ್ದೆವು ಎಂದು ಕುಣಿದೆ. ದೊಡ್ಡಮ್ಮ ಮಡಿಚಿ ವಾಪಸ್ ಕೊಟ್ಟಳು. ಅದನ್ನು ನೇಯ್ದವನು ಮಳೆಗಾಲದಲ್ಲೂ ಗಂಟು ಹಾಕುತ್ತಿದ್ದವನಂತೆ, ಅವನ ಸಾಕ್ಷಿ ನಡೆಯುವುದಿಲ್ಲವಂತೆ. ಇಷ್ಟು ನಿಯತ್ತು ಎಲ್ಲ ಸಂಶೋಧಕರಿಗೂ ಇರುವುದಿಲ್ಲ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಎರಡನೆಯದು ಪೆರಿಯನಾಯಕನಪಾಳ್ಯದಲ್ಲಿ, ಕೈಗೆ ಹೆಸರಾದ ಒಬ್ಬ ಹಳೆಯ ನೇಕಾರರ ಮೊಮ್ಮಗಳ ಮನೆಯಲ್ಲಿ. ಅವಳ ತಾಯಿಗೆ ಕಿವಿ ಚುಚ್ಚಿದ್ದು ಆ ವರ್ಷದ ಆವಣಿಯಲ್ಲಿ, ಅಂದರೆ ಆಡಿ ಮುಗಿದ ಮರುತಿಂಗಳು. ಅದಕ್ಕೆಂದೇ ಹಿಂದಿನ ತಿಂಗಳು ಅಜ್ಜ ಮನೆಯವರಿಗೆ ನೇಯ್ದ ಸೀರೆ. ಇದಕ್ಕಿಂತ ಒಳ್ಳೆಯ ಸಾಕ್ಷಿ ಎಲ್ಲಿ ಸಿಗಬೇಕು? ದೊಡ್ಡಮ್ಮ ಕೈ ತೊಳೆದುಕೊಂಡು ಬಂದು, ಸೀರೆಯನ್ನು ಮಡಿಲಿಗೆ ಹಾಕಿಕೊಂಡು, ಹೆಬ್ಬೆರಳನ್ನು ಅಂಚಿನಿಂದ ಅಂಚಿಗೆ ಎಳೆಯುತ್ತ ಹೋದಳು. ಪೂರ್ತಿ ಮುಗಿಸಿದಳು. ಮತ್ತೆ ಮೊದಲಿನಿಂದ ನೋಡಿದಳು. ಒಂದೇ ಒಂದು ಗಂಟು ಇರಲಿಲ್ಲ. ಕುಡಿಯಲು ನೀರು ಕೇಳಿದಳು. ಬಸ್ಸಿನಲ್ಲಿ ಬರುವಾಗ ಯಾರ ಸೆರಗನ್ನೂ ಮುಟ್ಟಲಿಲ್ಲ.

ಮನೆಗೆ ಬಂದು ರಾಟೆಯ ಮುಂದೆ ಕೂತಳು. ದೊಡ್ಡಪ್ಪ ಈ ವಯಸ್ಸಿನಲ್ಲೂ ಹಟಕ್ಕೆ ಬಿದ್ದು ನೇಯುತ್ತಾರೆ, ಅವರ ಮಗ್ಗ ಆಡುತ್ತಿತ್ತು.

"ಕೈಯೇ ಇರಬೇಕು ಬಿಡು ಕಣ್ಣು" ಅಂದಳು. "ಐವತ್ತು ವರ್ಷ ಸುಮ್ಮನೆ ಗಾಳಿ ಮೇಲೆ ತಪ್ಪು ಹೊರಿಸಿದೆ."

ಒಂದು ಸೀರೆಯಿಂದ ಏನೂ ತೀರ್ಮಾನವಾಗುವುದಿಲ್ಲ ಎಂದೇನೋ ಹೇಳಿದೆ. ಅವಳಿಗೆ ಅದು ಕೇಳಲೇ ಇಲ್ಲ. ನನಗೆ ಅಳು ಬಂತು.

ಮಗ್ಗದ ಸದ್ದು ನಿಂತಿತು. ನಮ್ಮ ದೊಡ್ಡಪ್ಪ ಮಾತಿನಲ್ಲಿ ಬಲು ಜಿಪುಣರು, "ಊಟ" ಎಂದರೆ ಅದೇ ಅವರ ದಿನದ ಭಾಷಣ. ಅವರು ಕುಣಿಯಿಂದ ಮೇಲೆದ್ದು ಬಂದು ನಿಂತರು.

"ಆ ಪೆರಿಯನಾಯಕನಪಾಳ್ಯದವರ ಮಗ್ಗ ಬಾವಿ ಪಕ್ಕ ಇತ್ತು. ನೆಲ ಯಾವಾಗ್ಲೂ ಒದ್ದೆ. ಆ ಮನೇಲಿ ಆಡೀನೂ ಒಂದೇ, ಐಪ್ಪಸೀನೂ ಒಂದೇ" ಎಂದರು.

ಆಮೇಲೆ ಸ್ಟೂಲು ಹಾಕಿಕೊಂಡು ಅಟ್ಟಕ್ಕೆ ಕೈಚಾಚಿ, ಹಳೇ ಪಂಚೆಯಲ್ಲಿ ಸುತ್ತಿದ್ದ ಒಂದು ಗಂಟನ್ನು ತೆಗೆದು ದೊಡ್ಡಮ್ಮನ ಮಡಿಲಲ್ಲಿ ಇಟ್ಟರು. ಒಳಗೆ ಒಂದು ಸೀರೆ, ಮಡಿಕೆಯಲ್ಲೇ ಹಳದಿಗಟ್ಟಿತ್ತು.

"ಆ ಆಡೀದು. ನಾನು ನೇಯ್ದದ್ದು."

"ಯಜಮಾನರಿಗೆ ಕೊಟ್ಟು ಬಂದೆ ಅಂದ್ರಲ್ಲ?"

"ಕೊಡಲಿಲ್ಲ. ತೋರಿಸೋಕೆ ಧೈರ್ಯ ಬರಲಿಲ್ಲ. ಅಮ್ಮ ನಿನ್ನ ಬೈಯ್ವಾಗ ಹೇಳಬೇಕಾಗಿತ್ತು. ಆಗ ಹೇಳಲಿಲ್ಲ, ಆಮೇಲೆ ಹೇಳೋಕೆ ಬಾಯೇ ಬರಲಿಲ್ಲ."

ದೊಡ್ಡಮ್ಮ ಸೀರೆಯನ್ನು ತಿರುವಿದಳು. ಹೆಬ್ಬೆರಳು ಒಂದು ಗೇಣು ಹೋಗುವುದರೊಳಗೆ ಎಷ್ಟೋ ಸಲ ತಡೆದು ನಿಂತಿತು. ಮೊದಮೊದಲು ಎಣಿಸುತ್ತಿದ್ದಳು, ಆಮೇಲೆ ಎಣಿಸುವುದನ್ನು ಬಿಟ್ಟಳು. ಈಗ ಮನೆ ಎರಡಾಗುತ್ತದೆ ಎಂದು ನಾನು ಬಾಗಿಲ ಹತ್ತಿರ ಸರಿದು ನಿಂತೆ. ಅವಳು ಬೈಯಲಿಲ್ಲ. ಆ ಸೀರೆಯಲ್ಲೇ ಮುಖ ಮುಚ್ಚಿಕೊಂಡು, ಚಿಕ್ಕ ಹುಡುಗಿಯ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. ದೊಡ್ಡಪ್ಪ ತಲೆ ತಗ್ಗಿಸಿ ಅಲ್ಲೇ ನಿಂತಿದ್ದರು.

ಅಳು ನಿಂತ ಮೇಲೆ ಅವರು ಮಗ್ಗದ ಕಡೆ ಕೈ ತೋರಿಸಿ, "ಹೋಗು, ಕೂತ್ಕೋ" ಅಂದರು.

ಹೊರಗೆ ಆಡಿ ಗಾಳಿ ಕಿಟಕಿಯ ಬಾಗಿಲನ್ನು ಬಡಿಯುತ್ತಿತ್ತು. ದೊಡ್ಡಮ್ಮ ನನ್ನ ಭುಜ ಹಿಡಿದುಕೊಂಡು ನಿಧಾನವಾಗಿ ಕುಣಿಯೊಳಗೆ ಕಾಲಿಟ್ಟಳು. ಕಾಲಿಗೆ ತುಳಿಯುವ ಹಲಗೆ ತಾನಾಗಿ ಸಿಕ್ಕಿತು. ಲಾಳಿ ಅತ್ತ ಹೋಯಿತು, ಇತ್ತ ಬಂತು. ಆರೇಳು ಸಲ ಸರಿಯಾಗಿಯೇ ಓಡಿತು. ಆಮೇಲೆ ಪಟ್ಟೆಂದು ಒಂದು ಎಳೆ ಹರಿಯಿತು. ಅವಳ ಕೈ ಅಲ್ಲೇ ನಿಂತಿತು, ತಲೆಯೆತ್ತಿ ದೊಡ್ಡಪ್ಪನ ಮುಖ ನೋಡಿದಳು.

ದೊಡ್ಡಪ್ಪ ಪಕ್ಕದಲ್ಲಿ ಮಂಡಿಯೂರಿ ಕೂತರು. "ಗಾಳಿ" ಎಂದು, ತಾವೇ ಗಂಟು ಹಾಕಿದರು.