ಮೂರನೇ ಸೂಟ್‌ಕೇಸಿನ ಸಂಶೋಧನೆ

ಹೊರಡುವ ದಿನ ವಿಮಾನ ನಿಲ್ದಾಣದಲ್ಲಿ ಯಜಮಾನರ ಭಾವಮೈದುನ ಆ ಒಂದು ಮಾತು ಆಡದೇ ಇದ್ದಿದ್ದರೆ ಇಷ್ಟೆಲ್ಲ ರಾದ್ಧಾಂತ ಆಗುತ್ತಲೇ ಇರಲಿಲ್ಲ. ಮಣ್ಣಿನ ಮೇಲೆ ಸಂಶೋಧನೆ ಮಾಡಲು ಪರದೇಶದ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದ್ದು ಹೆಂಡತಿಗೆ. ಯಜಮಾನರು ಆಫೀಸಿಗೆ ಉದ್ದನೆಯ ರಜೆ ಹಾಕಿ ಜೊತೆಗೆ ಹೊರಟಿದ್ದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಭಾವಮೈದುನ ಟ್ರಾಲಿಯ ಮೇಲಿನ ಎರಡು ಸೂಟ್‌ಕೇಸುಗಳನ್ನು ನೋಡಿದ, ಆಮೇಲೆ ಯಜಮಾನರನ್ನು ನೋಡಿದ. "ಅಕ್ಕಾ, ಮೂರನೇ ಸೂಟ್‌ಕೇಸು ಜೋಪಾನ! ದಾರೀಲಿ ಎಲ್ಲಾದ್ರೂ ಮರೆತುಬಿಟ್ಟೀಯ!" ಅಂದ. ಎಲ್ಲರೂ ನಕ್ಕರು. ಯಜಮಾನರ ಹೆತ್ತ ತಾಯಿಯೂ ನಕ್ಕರು. (ಸೆರಗು ಅಡ್ಡ ಹಿಡಿದು ನಕ್ಕರೂ ನಗು ನಗುವೇ ತಾನೆ?)

ಆ ಮಾತು ಯಜಮಾನರ ಎದೆಯಲ್ಲಿ ಮುಳ್ಳಾಗಿ ಕೂತಿತು. ಬಂದ ಹದಿನೈದೇ ದಿನಕ್ಕೆ ಊರಿನ ವಾರಪತ್ರಿಕೆಗೆ 'ಪರದೇಶದ ಪಾಠಗಳು' ಎಂಬ ಅಂಕಣ ಶುರು ಹಚ್ಚಿದರು. ಮೊದಲ ವಾರ 'ನಾವು ವಿಶ್ವವಿದ್ಯಾಲಯದ ಊರಿಗೆ ಬಂದೆವು' ಎಂದು ಬರೆದರು. ಸುಳ್ಳಲ್ಲ. ಎರಡನೇ ವಾರ 'ನಮ್ಮ ಸಂಶೋಧನೆ' ಎಂದರು. ಅದೂ ಪೂರ್ತಿ ಸುಳ್ಳಲ್ಲ, ಸಂಸಾರ ಅಂದಮೇಲೆ ಎಲ್ಲವೂ ನಮ್ಮದೇ. ಮೂರನೇ ವಾರದ ಹೊತ್ತಿಗೆ ಹೆಂಡತಿ ಅದು ಹೇಗೋ ಅಂಕಣದಿಂದ ಮಾಯವಾಗಿ, ಯಜಮಾನರೊಬ್ಬರೇ ಸಂಶೋಧನೆ ಮಾಡುತ್ತಿದ್ದರು.

ತೊಂದರೆ ಏನೆಂದರೆ, ಅವರು ವಿಶ್ವವಿದ್ಯಾಲಯದೊಳಗೆ ಕಾಲಿಟ್ಟವರೇ ಅಲ್ಲ. ಹೆಂಡತಿ ಎಂಟಕ್ಕೆ ಹೊರಟರೆ ಬರುವುದು ಸಂಜೆ ಆರಕ್ಕೆ. ಅಷ್ಟರೊಳಗೆ ಇವರಿಗೆ ಕಸ, ಪಾತ್ರೆ, ಅಡುಗೆ, ಬಟ್ಟೆ. ಅವರಿದ್ದ ಕಟ್ಟಡದಲ್ಲಿ ಮನೆಯೊಳಗೆ ಬಟ್ಟೆ ಒಗೆಯುವ ಹಾಗಿಲ್ಲ. ನೆಲಮಾಳಿಗೆಯಲ್ಲಿ ಎಲ್ಲ ಮನೆಗಳಿಗೂ ಸೇರಿ ನಾಲ್ಕು ವಾಷಿಂಗ್ ಮೆಷೀನು. ಗೋಡೆಯ ಬೋರ್ಡಿನ ಮೇಲೆ ಮನೆ ನಂಬರು ಬರೆದು ನಮ್ಮ ಗಂಟೆ ಹಿಡಿಯಬೇಕು. ಗಂಟೆ ಮುಗಿಯಿತೋ, ಮುಂದಿನ ಪಾಳಿಯವರು ಮುಲಾಜಿಲ್ಲದೆ ನಮ್ಮ ಬಟ್ಟೆ ಹೊರಗೆಳೆದು ಬುಟ್ಟಿಗೆ ಹಾಕುತ್ತಾರೆ. ಪರದೇಶದಲ್ಲಿ ಯಜಮಾನರು ಚೆನ್ನಾಗಿ ಬಲ್ಲ ಜಾಗ ಅದೊಂದೇ. ಹಾಗಾಗಿ ಆರು ತಿಂಗಳ ಹೊತ್ತಿಗೆ ಓದುಗರು 'ಪ್ರಯೋಗಾಲಯದ ಬಗ್ಗೆ ಬರೆಯಿರಿ' ಎಂದು ಗಂಟುಬಿದ್ದಾಗ ಅದನ್ನೇ ಬರೆದರು.

'ಗಾಜಿನ ಬಾಗಿಲಿನ ನಾಲ್ಕು ಮಹಾಯಂತ್ರಗಳು ಸದಾ ಪರಿಭ್ರಮಿಸುತ್ತಿರುತ್ತವೆ. ನೀಲಿ ದ್ರಾವಣ ಸುರಿಯುವಾಗ ಕೈ ನಡುಗಕೂಡದು. ಒಂದು ಮುಚ್ಚಳ ಹೆಚ್ಚಾದರೂ ನೊರೆ ಉಕ್ಕಿ ಅನಾಹುತವಾದೀತು. ಇಲ್ಲಿನ ಸಮಯಪಾಲನೆ ಅತಿ ಕಠೋರ. ನಿಮಿಷ ತಡವಾದರೆ ಮುಂದಿನ ಸಂಶೋಧಕರು ನಿಮ್ಮ ಪ್ರಯೋಗವನ್ನೇ ಹೊರಗೆಳೆದುಬಿಡುತ್ತಾರೆ!'

ಊರು ಬೆರಗಾಯಿತು. ತಾಯಿ ಆ ಹಾಳೆ ಕತ್ತರಿಸಿ ಬೀರುವಿನ ಬಾಗಿಲಿಗೆ ಅಂಟಿಸಿದರು. ಭಾವಮೈದುನ ಮಾತ್ರ ಅದನ್ನು ಎರಡು ಸಲ ಓದಿ ಫೋನ್ ಮಾಡಿದ.

"ಭಾವಾ, ಶನಿವಾರ ನಮ್ಮ ಸ್ಕೂಲ್ ಮಕ್ಕಳಿಗೆ ನಿಮ್ಮ ಪ್ರಯೋಗಾಲಯ ತೋರಿಸಿಬಿಡಿ. ವಿಡಿಯೋ ಕಾಲ್. ನಮಗೆ ಸಂಜೆ, ನಿಮಗೆ ಬೆಳಿಗ್ಗೆ. ದೊಡ್ಡ ಪರದೆ ಹಾಕಿಸ್ತೀನಿ. ಸಂಪಾದಕರು ಬರ್ತಾರೆ, ನಿಮ್ಮಮ್ಮ ಅಂತೂ ಮುಂದಿನ ಸಾಲಲ್ಲಿ!"

"ಅದಕ್ಕೇನಂತೆ!" ಅಂದರು ಯಜಮಾನರು. ಫೋನ್ ಇಟ್ಟ ಮೇಲೆ ಯೋಚನೆ ಹತ್ತಿತು. ಸಿಕ್ಕಿಬಿದ್ದರೆ ಸಾಯುವವರೆಗೂ ಊರಿಗೆಲ್ಲ ತಾವು ಮೂರನೇ ಸೂಟ್‌ಕೇಸೇ. ಬೇರೆ ದಾರಿ ಕಾಣದೆ ಹೆಂಡತಿಯ ಮುಂದೆ ಅಂಕಣಗಳ ಕಟ್ಟು ಇಟ್ಟರು. ಆಕೆ ಓದಿದಳು.

"ರೀ, ನನ್ನ ಸಂಶೋಧನೆ ನೀವ್ಯಾವಾಗ ಮಾಡಿದ್ರಿ?"

"ಗಂಡ ಹೆಂಡತಿ ಅಂದ್ಮೇಲೆ ನಿಂದು ನಂದು ಅಂತ ಇರತ್ತಾ?"

"ಇರಲ್ವಾ? ಹಾಗಾದ್ರೆ ಸೋಮವಾರ ನನ್ನ ಪರೀಕ್ಷೆನೂ ನೀವೇ ಬರ್ಕೊಂಡು ಬನ್ನಿ."

"ಮಾರಾಯ್ತಿ, ಶನಿವಾರ ಒಂದರ್ಧ ಗಂಟೆ ನಿನ್ನ ಪ್ರಯೋಗಾಲಯಕ್ಕೆ ಕರ್ಕೊಂಡು ಹೋಗು. ನನ್ನ ಮಾನ ಉಳಿಸು."

"ಧಾರಾಳವಾಗಿ ಬನ್ನಿ. ಅಲ್ಲಿರೋದು ಒಂದು ಮೇಜು, ನಲವತ್ತು ಡಬ್ಬಿ ಮಣ್ಣು. ತಿರುಗೋದು ಅಂದ್ರೆ ನನ್ನ ಕುರ್ಚಿ ಒಂದೇ. ನೀಲಿ ದ್ರಾವಣ ಬೇಕಾದ್ರೆ ಪೆನ್ನಲ್ಲಿದೆ!"

ಯಜಮಾನರು ಲೆಕ್ಕ ಹಾಕಿದರು. ಬರೆದದ್ದು ನೆಲಮಾಳಿಗೆ, ತೋರಿಸಬೇಕಾದ್ದೂ ನೆಲಮಾಳಿಗೆಯೇ. ಹೆಂಡತಿ ತನ್ನ ಬಿಳಿ ಕೋಟು ಕೊಟ್ಟಳು. ಫೋನ್ ಹಿಡಿಯಲೂ ಒಪ್ಪಿದಳು. ಗಂಡನ ಮೇಲಿನ ಕರುಣೆಯಿಂದಲ್ಲ, ಇಂಥ ಮನರಂಜನೆ ಪುಕ್ಕಟೆ ಸಿಗುವಾಗ ಬಿಡುವುದುಂಟೇ ಎಂದು.

ಶನಿವಾರ ಹತ್ತರಿಂದ ಹನ್ನೊಂದರ ಗಂಟೆ ಹಿಡಿದದ್ದಾಯಿತು. ಮೆಷೀನಿನೊಳಗೆ ಸುಮ್ಮನೆ ತಿರುಗಲು ಕಿಟಕಿಯ ಪರದೆಯೊಂದನ್ನು ಹಾಕಿದ್ದರೆ ಸಾಕಿತ್ತು. ಆದರೆ ಹಿಡಿದ ಪಾಳಿಯನ್ನು ದಂಡ ಮಾಡಲು ಯಜಮಾನರಿಗೆ ಮನಸ್ಸು ಬರಲಿಲ್ಲ. ಆರು ತಿಂಗಳ ಮನೆಗೆಲಸ ಅವರನ್ನು ಅಷ್ಟು ಪಳಗಿಸಿತ್ತು. ವಾರದ ಬಟ್ಟೆಯನ್ನೆಲ್ಲ ತುರುಕಿ ಗುಂಡಿ ಒತ್ತಿದರು.

ಹತ್ತಕ್ಕೆ ಕರೆ ಬಂತು. ಹೆಡ್‌ಮಾಸ್ತರರು ಸ್ವಾಗತ ಭಾಷಣಕ್ಕೆ ನಿಂತರು. ನಿಂತವರು ಐವತ್ತೈದು ನಿಮಿಷ ಕೂರಲೇ ಇಲ್ಲ.

ಕೊನೆಗೂ ಒಬ್ಬ ಹುಡುಗಿ ಎದ್ದು ಕೇಳಿದಳು. "ಸಾರ್, ಒಳಗಡೆ ಏನು ನಡೀತಾ ಇದೆ?"

"ಮಣ್ಣಿನ ಕಣಗಳನ್ನು ಬೇರ್ಪಡಿಸುವ ಪ್ರಕ್ರಿಯೆ," ಎಂದರು ಯಜಮಾನರು ಗಂಭೀರವಾಗಿ. (ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.) ಚಪ್ಪಾಳೆ ಬಿತ್ತು. ತಾಯಿ ಕಣ್ಣೊರೆಸಿಕೊಂಡರು.

"ಭಾವಾ, ನಿಮಿಷಕ್ಕೆ ಎಷ್ಟು ಸುತ್ತು?" ಭಾವಮೈದುನ ಸುಮ್ಮನಿರಬೇಕಲ್ಲ!

"ಹತ್ತಿಗಾದ್ರೆ ಎಂಟುನೂರು, ಉಣ್ಣೆಗಾದ್ರೆ..." ಎಂದವರು ಗಕ್ಕನೆ ಕೆಮ್ಮಿದರು.

ಅಷ್ಟರಲ್ಲಿ ಹನ್ನೊಂದಾಯಿತು. ಮೆಷೀನು ಕುಂಯ್ ಎಂದು ನಿಂತಿತು. ಬಾಗಿಲು ತೆರೆದು ಮೂರನೇ ಮಹಡಿಯ ಅಜ್ಜಿ ಬುಟ್ಟಿ ಸಮೇತ ಬಂದರು. ಆಕೆ ತನ್ನ ಪಾಳಿಯ ಅರೆ ನಿಮಿಷವನ್ನೂ ಇಂದಿನವರೆಗೆ ಯಾರಿಗೂ ಬಿಟ್ಟುಕೊಟ್ಟವರಲ್ಲ. ಬೋರ್ಡು ನೋಡಿದರು, ಗಡಿಯಾರ ನೋಡಿದರು, ಬಿಳಿ ಕೋಟನ್ನು ಕಣ್ಣೆತ್ತಿಯೂ ನೋಡಲಿಲ್ಲ. ಸೀದಾ ಮೆಷೀನಿನ ಬಾಗಿಲು ತೆಗೆದು ಒಂದೊಂದೇ ಬಟ್ಟೆಯನ್ನು ಹೊರಗೆಳೆದು ಕೊಡವತೊಡಗಿದರು.

"ಕ್ಯಾಮೆರಾ ಬೇರೆ ಕಡೆ ತಿರುಗಿಸೇ!" ಎಂದು ಯಜಮಾನರು ಪಿಸುಗುಟ್ಟಿದರು. ಹೆಂಡತಿ ನಗು ತಡೆಯಲಾರದೆ ಇನ್ನೆರಡು ಹೆಜ್ಜೆ ಹತ್ತಿರಕ್ಕೆ ಹೋದಳು. ಅಲ್ಲಿ, ದೊಡ್ಡ ಪರದೆಯ ಮೇಲೆ, ಇನ್ನೂರು ಮಕ್ಕಳ ಎದುರಿಗೆ, ಪಟ್ಟೆ ಪಟ್ಟೆಯ ಚಡ್ಡಿಯೊಂದು ಅರಳಿತು.

"ಅಯ್ಯೋ, ಅದು ನಾನು ಹೊಲಿದ ಚಡ್ಡಿ!" ತಾಯಿ ಎದ್ದು ನಿಂತೇಬಿಟ್ಟರು. "ಹಳೇ ದಿಂಬಿನ ಬಟ್ಟೇಲಿ ಹೊಲಿದಿದ್ದು! ಲಾಡಿನೂ ಅದೇ!"

ಸ್ಕೂಲಿನ ಹಂಚು ಹಾರಿಹೋಗುವಷ್ಟು ನಗು. ಯಜಮಾನರಿಗೆ ಆ ಮೆಷೀನಿನೊಳಗೇ ಹೊಕ್ಕು ಬಾಗಿಲು ಹಾಕಿಕೊಳ್ಳೋಣ ಅನ್ನಿಸಿತು.

"ಮಗನೇ," ತಾಯಿಯ ದನಿ ಬಂತು. "ಮನೆ ಬಟ್ಟೆಯೆಲ್ಲ ನೀನೇ ಒಗೀತೀಯೇನೋ?"

"ಹೂಂ ಅಮ್ಮ." ಕೋಟಿನ ಕಾಲರಿನೊಳಗಿಂದ ಉತ್ತರ ಬಂತು.

"ಎಷ್ಟು ಚೊಕ್ಕಟವಾಗಿ ಒಗೆದಿದ್ದೀಯೋ! ನಲವತ್ತು ವರ್ಷದಲ್ಲಿ ನಮ್ಮನೆ ಗಂಡಸರು ಒಂದು ಕರವಸ್ತ್ರ ಒಗೆದಿದ್ದು ನಾನು ನೋಡಿಲ್ಲ!"

ಈ ಸಲದ ಚಪ್ಪಾಳೆ ಹೆಂಗಸರ ಸಾಲಿನಿಂದ ಬಂತು. ಭಾವಮೈದುನನ ಹೆಂಡತಿ ಎಲ್ಲರಿಗಿಂತ ಜೋರಾಗಿ ತಟ್ಟಿ, ಗಂಡನ ಕಡೆ ಒಂದು ನೋಟ ಬೀರಿದಳು. ಮರುದಿನವೇ ಅವನ ಫೋನು ಬಂತು, ದನಿ ಮಾತ್ರ ತಗ್ಗಿತ್ತು. "ಭಾವಾ, ಈ ಕಾಲರಿನ ಕೊಳೆ ಹೇಗೆ ಬಿಡಿಸೋದು?"

ಆ ವಾರ ಪತ್ರಿಕೆಗೆ ಅರವತ್ತು ಪತ್ರ ಬಂದವು. ಒಂದರಲ್ಲೂ ಸಂಶೋಧನೆಯ ಸುದ್ದಿಯಿಲ್ಲ, ಎಲ್ಲ ಬಟ್ಟೆಯ ಕಲೆಯದ್ದೇ. ಸಂಪಾದಕರು ತೀರ್ಮಾನ ತಿಳಿಸಿದರು. ಯಜಮಾನರಿಗೆ ಮೂಲೆಯಲ್ಲಿ ನಾಲ್ಕು ಸಾಲಿನ 'ಕಲೆ ಪರಿಹಾರ'. 'ಪರದೇಶದ ಪಾಠಗಳು' ಇನ್ನು ಮೇಲೆ, ನಿಜವಾಗಿ ಓದುತ್ತಿರುವವರ ಹೆಸರಿನಲ್ಲಿ.

"ನನಗೆ ಬರೆಯೋಕೆ ಪುರುಸೊತ್ತೆಲ್ಲಿದೆ?" ಎಂದಳು ಹೆಂಡತಿ, ಕೋಟನ್ನು ಬುಟ್ಟಿಗೆ ಹಾಕುತ್ತಾ. "ನಾನು ಹೇಳ್ತೀನಿ, ನೀವು ಬರ್ಕೊಳ್ಳಿ."

ಯಜಮಾನರು ಪೆನ್ನು ತೆಗೆದುಕೊಂಡು ಕೂತರು.

"ಬರೀರಿ. ನಾನು ಈ ದೇಶಕ್ಕೆ ಬರುವಾಗ ಮೂರು ಸೂಟ್‌ಕೇಸು ತಂದಿದ್ದೆ."

ಪೆನ್ನು ನಿಂತಿತು. "ಅದನ್ನೂ ಬರೀಬೇಕಾ?"

"ಬರೀರಿ. ಅದರಲ್ಲಿ ಒಂದು, ಬಟ್ಟೆಯನ್ನು ಬಹಳ ಚೆನ್ನಾಗಿ ಒಗೆಯುತ್ತದೆ."